ಮೊದಲು ಹಾಸಿಗೆ ಮುಟ್ಟಿ ನೋಡಿ

ಕಳೆದ ಜುಲೈನಲ್ಲಿ ನಮ್ಮ ಮನೆಯಲ್ಲೇ ನಡೆದದ್ದು. ಕೊಡಗಿನ ಪೊನ್ನಂಪೇಟೆ ಕಡೆಯ ಮಳೆ ನಿಮಗೆ ಗೊತ್ತೇ ಇದೆ. ಮೂರು ದಿನದಿಂದ ಕರೆಂಟ್ ಇರಲಿಲ್ಲ, ಇನ್ವರ್ಟರ್ ಕೂಡ ಖಾಲಿಯಾಗಿತ್ತು. ರಾತ್ರಿ ಎರಡು ಗಂಟೆ ಇರಬಹುದು, ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದಾಯಿತು. ಎದ್ದು ಕೂತೆ. ಹಿಂಬಾಗಿಲ ಚಿಲಕ ಎಳೆದ ಹಾಗೆ ಇನ್ನೊಂದು ಸದ್ದು. "ಯಾರದು?" ಅಂತ ಕೂಗಿದೆ. ಉತ್ತರ ಇಲ್ಲ. ಮತ್ತೆ ಕೂಗಿದೆ. ಆಗಲೂ ಇಲ್ಲ. ಸೈನ್ಯದಲ್ಲಿ ವರ್ಷಗಟ್ಟಲೆ ಹುಡುಗರಿಗೆ ಆಯುಧ ಹಿಡಿಯುವುದನ್ನು ಕಲಿಸಿದವನು ನಾನು, ನಿವೃತ್ತಿಯಾಗಿ ಬಂದ ಮೇಲೂ ಊರಿನಲ್ಲಿ ಅದನ್ನೇ ಹೇಳಿಕೊಡುತ್ತಿದ್ದೇನೆ. ಆದರೂ ಆ ಗಳಿಗೆಯಲ್ಲಿ ನನ್ನ ಕಾಲು ಹೋದದ್ದು ಕೋವಿ ಇಟ್ಟ ಬೀರುವಿನ ಕಡೆಗೆ.

ನಮ್ಮಲ್ಲಿ ಕೋವಿ ಒಂದು ಕಡೆ, ಕಾಡತೂಸಿನ ಪೆಟ್ಟಿಗೆಯ ಕೀ ಇನ್ನೊಂದು ಕಡೆ. ಆ ಕೀ ತರಬೇಕಾದರೆ ಅಮ್ಮನ ಕೋಣೆ ದಾಟಬೇಕು. ದಾಟುವಾಗ ಟಾರ್ಚ್ ಬೆಳಕು ಅವರ ಮಂಚದ ಮೇಲೆ ಬಿತ್ತು. ಕಂಬಳಿ ಪಕ್ಕಕ್ಕೆ ಸರಿದಿತ್ತು, ಮಂಚ ಖಾಲಿ. ಅಮ್ಮನಿಗೆ 81 ವರ್ಷ, ಕಿವಿ ಅಷ್ಟಕ್ಕಷ್ಟೇ, ಹಂಚಿನ ಮೇಲೆ ಮಳೆ ಹೊಡೆಯುವಾಗಂತೂ ಪಕ್ಕದಲ್ಲಿ ನಿಂತು ಕೂಗಿದರೂ ಕೇಳಿಸುವುದಿಲ್ಲ. ಬೆಳಗಾಯಿತು ಅಂದುಕೊಂಡು ಒಲೆ ಹಚ್ಚಲು ಹೋಗಿದ್ದರು.

ಆ ರಾತ್ರಿ ಮತ್ತೆ ನಿದ್ದೆ ಬರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕೊಡಗಿನಲ್ಲಿ ಕೋವಿ ಮನೆಯ ಸದಸ್ಯನ ಹಾಗೆ. ಕೊಡವರಿಗೆ ಮತ್ತು ಜಮ್ಮಾ (ವಂಶಪಾರಂಪರ್ಯದ ಜಮೀನು) ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದ ಬಂದ ಲೈಸೆನ್ಸ್ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ, ಅಂದರೆ 2029ರ ಅಕ್ಟೋಬರ್‌ವರೆಗೆ, ಮುಂದುವರಿಸಿದೆ. ನಮ್ಮ ಆಯುಧಪೂಜೆಯ ಹಬ್ಬವಾದ ಕೈಲ್ ಪೋಳ್ದ್ ದಿನ ಹೂವಿಟ್ಟು ಪೂಜೆ ಮಾಡುತ್ತೇವೆ. ಸುಗ್ಗಿ ಹಬ್ಬವಾದ ಪುತ್ತರಿಗೆ ಕದಿರು ಕೊಯ್ಯುವಾಗ ಗುಂಡು ಹಾರಿಸುತ್ತೇವೆ, ಸಾವಿನ ಸುದ್ದಿಯನ್ನೂ ಗುಂಡಿನಿಂದಲೇ ಊರಿಗೆ ತಿಳಿಸುತ್ತಿದ್ದೆವು. ಕೋವಿ ಇಲ್ಲದ ಮನೆಯಲ್ಲಿ ಕತ್ತಿ ಇದ್ದೇ ಇರುತ್ತದೆ. ಆದರೆ ರಾತ್ರಿ ಸದ್ದಾದರೆ ಯಾರು ಏನು ಮಾಡಬೇಕು ಅಂತ ಮನೆಮಂದಿ ಒಟ್ಟಿಗೆ ಕೂತು ಮಾತಾಡಿದ್ದನ್ನು ನಾನು ತುಂಬ ಕಡಿಮೆ ಮನೆಗಳಲ್ಲಿ ನೋಡಿದ್ದೇನೆ.

ಮೊದಲು ಆ "ಯಾರದು" ಅನ್ನುವ ಕೂಗಿನ ವಿಷಯ ಹೇಳುತ್ತೇನೆ. ಉತ್ತರ ಬರಲಿಲ್ಲ ಅಂದರೆ ಕಳ್ಳನೇ ಅಂತ ನಾವು ಅಂದುಕೊಳ್ಳುತ್ತೇವೆ. ಸ್ವಲ್ಪ ಯೋಚನೆ ಮಾಡಿ. ಉತ್ತರ ಕೊಡದವರು ಯಾರು? ಕಿವಿ ಕೇಳಿಸದ ಅಜ್ಜಿ. ಮರೆವಿನ ಕಾಯಿಲೆ ಇರುವ, ಹಗಲು ರಾತ್ರಿ ಗೊತ್ತಾಗದೆ ಓಡಾಡುವ ಅಪ್ಪ. ನಿದ್ದೆಯಲ್ಲಿ ನಡೆಯುವ ಮಗು. ನಿಮ್ಮ ಗಡಸು ದನಿಗೇ ಹೆದರಿ ಬಾಗಿಲ ಮರೆಯಲ್ಲಿ ಉಸಿರು ಬಿಗಿಹಿಡಿದು ನಿಂತ ಹುಡುಗಿ. ಗೆಳೆಯರ ಜೊತೆ ಇದ್ದು ತಡವಾಗಿ ಬಂದು, ಬೈಗುಳ ಬೇಡ ಅಂತ ಕಿಟಕಿಯಿಂದ ಸುಮ್ನೆ ಒಳಗೆ ನುಗ್ಗಿದ ಕಾಲೇಜು ಮಗ. ಇವರೆಲ್ಲ ನಮ್ಮವರೇ ಅಲ್ವಾ? ಮೌನವನ್ನು ಕಳ್ಳನ ಗುರುತು ಅಂತ ತಿಳಿಯಬೇಡಿ. "ಯಾರದು" ಬದಲು ಹೆಸರು ಹಿಡಿದು ಕೂಗಿ. "ಅಮ್ಮಾ, ನೀವಾ? ನಾನು ಇಲ್ಲಿ ಹಜಾರದಲ್ಲಿ ಇದ್ದೇನೆ" ಅನ್ನಿ. ಹೆಸರು ಕೇಳಿದರೆ ಅರೆನಿದ್ದೆಯಲ್ಲಿ ಇರುವವರೂ ಓಗೊಡುತ್ತಾರೆ, ಹೆದರಿದ ಮಗು ಅಳುತ್ತಾ ಹೊರಗೆ ಬರುತ್ತದೆ.

ಇನ್ನು ಕಣ್ಣು. ಬೆಳಕಿನಿಂದ ಕತ್ತಲಿಗೆ ಬಂದ ಕಣ್ಣು ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಟಾರ್ಚ್ ಹಾಕಿ ಆರಿಸಿದರೆ ಅಷ್ಟೂ ಹೊತ್ತು ಕಾದದ್ದು ಹಾಳು, ಮತ್ತೆ ಮೊದಲಿನಿಂದ ಶುರು. ಮಬ್ಬು ಬೆಳಕಿನಲ್ಲಿ ಕೆಲಸ ಮಾಡುವ ಕೋಶಗಳು ಕಣ್ಣಿನ ನಡುಭಾಗದಲ್ಲಿ ಇಲ್ಲವೇ ಇಲ್ಲ, ಹಾಗಾಗಿ ಕತ್ತಲಲ್ಲಿ ನೀವು ನೇರವಾಗಿ ದಿಟ್ಟಿಸಿದ ವಸ್ತುವೇ ಸರಿಯಾಗಿ ಕಾಣುವುದಿಲ್ಲ. ಬಣ್ಣವೂ ಗೊತ್ತಾಗುವುದಿಲ್ಲ. ಕಾಣದ ಜಾಗವನ್ನು ಮಿದುಳು ತನ್ನ ಭಯದಿಂದಲೇ ತುಂಬಿಕೊಳ್ಳುತ್ತದೆ, ನೀರಿನ ಚೊಂಬು ಹಿಡಿದ ಕೈ ಕತ್ತಿ ಹಿಡಿದ ಕೈಯಂತೆ ಕಾಣುತ್ತದೆ, ಗೂಟಕ್ಕೆ ನೇತುಹಾಕಿದ ರೇನ್‌ಕೋಟು ಆಳಿನಂತೆ ನಿಲ್ಲುತ್ತದೆ. ಜೊತೆಗೆ ಗಾಢ ನಿದ್ದೆಯಿಂದ ತಟ್ಟನೆ ಎದ್ದವನ ತಲೆ ಕೆಲವು ನಿಮಿಷ, ಕೆಲವರಿಗೆ ಅರ್ಧ ಗಂಟೆಯವರೆಗೂ, ಸರಿಯಾಗಿ ಓಡುವುದಿಲ್ಲ. ಕೈಕಾಲು ಎದ್ದಿರುತ್ತದೆ, ವಿವೇಚನೆ ಎದ್ದಿರುವುದಿಲ್ಲ. ಇದು ಧೈರ್ಯಸ್ಥರಿಗೂ ಒಂದೇ, ಪುಕ್ಕಲರಿಗೂ ಒಂದೇ. ರಾತ್ರಿ ಎರಡು ಪೆಗ್ ಹಾಕಿ ಮಲಗಿದ್ದರೆ ಇನ್ನೂ ಕಷ್ಟ. ಅಂಥ ದಿನ ಕೋವಿಯ ಹತ್ತಿರ ಹೋಗಲೇಬೇಡಿ.

ಸೈನ್ಯದಲ್ಲಿ ರಾತ್ರಿ ಕಾವಲಿನವನು ನೆರಳು ಕಂಡ ತಕ್ಷಣ ಗುಂಡು ಹಾರಿಸುವುದಿಲ್ಲ. "ಥಮ್! ಕೌನ್ ಆತಾ ಹೈ?" (ನಿಲ್ಲು! ಯಾರು ಬರುತ್ತಿರುವುದು?) ಅಂತ ಕೂಗುತ್ತಾನೆ, ನಿಲ್ಲಿಸುತ್ತಾನೆ, ಸಂಕೇತ ಪದ ಕೇಳುತ್ತಾನೆ. ಹೊರಗೆ ಹೋದ ನಮ್ಮದೇ ಗಸ್ತು ತಂಡ ವಾಪಸ್ ಬರುವ ಹೊತ್ತನ್ನು ಅವನಿಗೆ ಮೊದಲೇ ತಿಳಿಸಿರುತ್ತಾರೆ. ನಮ್ಮವರು ನಮ್ಮವರ ಗುಂಡಿಗೇ ಬೀಳಬಾರದು ಅಂತ ಇಷ್ಟೆಲ್ಲ ಕಟ್ಟುಪಾಡು. ಶತ್ರು ನಿಜವಾಗಿಯೂ ಬರಬಹುದಾದ ಜಾಗದಲ್ಲೇ ಇಷ್ಟು ಎಚ್ಚರ ಇದ್ದರೆ, ಹೆಂಡತಿ ಮಕ್ಕಳು ಮಲಗಿರುವ ಮನೆಯಲ್ಲಿ ಅದಕ್ಕಿಂತ ಕಡಿಮೆ ಇದ್ದರೆ ಹೇಗೆ?

ದಕ್ಷಿಣ ಆಫ್ರಿಕಾದ ಓಟಗಾರ ಆಸ್ಕರ್ ಪಿಸ್ಟೋರಿಯಸ್ ಪ್ರಕರಣ ಹಲವರಿಗೆ ನೆನಪಿರಬಹುದು. 2013ರ ಫೆಬ್ರವರಿ 14ರ ಬೆಳಗಿನ ಜಾವ ಅವನು ಮುಚ್ಚಿದ ಶೌಚಾಲಯದ ಬಾಗಿಲ ಮೂಲಕ ನಾಲ್ಕು ಗುಂಡು ಹಾರಿಸಿದ. ಒಳಗಿದ್ದ ಗೆಳತಿ ರೀವಾ ಸ್ಟೀನ್‌ಕ್ಯಾಂಪ್ ಸತ್ತಳು. ಯಾರೋ ಒಳಗೆ ನುಗ್ಗಿದ್ದಾರೆ ಅಂದುಕೊಂಡೆ, ಅವಳು ಹಾಸಿಗೆಯಲ್ಲೇ ಇದ್ದಾಳೆ ಅಂದುಕೊಂಡೆ ಅಂತ ಅವನು ಹೇಳಿದ. ಮೇಲ್ಮನವಿ ನ್ಯಾಯಾಲಯ 2015ರಲ್ಲಿ ಅದನ್ನು ಕೊಲೆ ಅಂತಲೇ ತೀರ್ಮಾನಿಸಿತು. ಬಾಗಿಲ ಹಿಂದೆ ಇದ್ದವರು ಯಾರೇ ಆಗಿರಲಿ, ಗುಂಡು ಹಾರಿಸಿದರೆ ಅವರು ಸಾಯಬಹುದು ಅಂತ ಅವನಿಗೆ ಗೊತ್ತಿತ್ತು ಅನ್ನುವುದು ಕೋರ್ಟಿನ ಮಾತು. ನನ್ನನ್ನು ಕಾಡುವುದು ಬೇರೆ ಒಂದು ವಿಷಯ. ಅವನು ಹೇಳಿದ ಕಥೆಯನ್ನೇ ನಂಬಿದರೂ, ಪಕ್ಕದ ಹಾಸಿಗೆಗೆ ಒಮ್ಮೆ ಕೈ ಚಾಚಿ ನೋಡಿದ್ದರೆ ಸಾಕಿತ್ತು.

ಅದಕ್ಕೇ ನಾನು ಕಲಿಸುವ ಮೊದಲ ಪಾಠ ಎಣಿಕೆ. ಎಚ್ಚರವಾದ ಕೂಡಲೇ ಪಕ್ಕದ ಹಾಸಿಗೆ ಮುಟ್ಟಿ. ಜನ ಇದ್ದರೆ ಎಬ್ಬಿಸಿ. ಆಮೇಲೆ ಮನೆಯಲ್ಲಿ ಇವತ್ತು ಎಷ್ಟು ಜನ ಮಲಗಿದ್ದಾರೆ ಅಂತ ಬಾಯಿಬಿಟ್ಟು ಎಣಿಸಿ. ಬಾಯಿಬಿಟ್ಟು ಅಂದೆ, ಮನಸ್ಸಿನಲ್ಲಿ ಅಲ್ಲ. ಪುತ್ತರಿ, ಮದುವೆ, ತಿಥಿ ಸಮಯದಲ್ಲಿ ನೆಂಟರು ತುಂಬಿದ, ಕುಟುಂಬದ ಮೂಲಮನೆಯಾದ ಐನ್‌ಮನೆಯಲ್ಲಿ ಈ ಲೆಕ್ಕ ಜಾಸ್ತಿ ತಪ್ಪುತ್ತದೆ. ಮನೆಯ ದಾರಿ ಗೊತ್ತಿಲ್ಲದ ನೆಂಟ ರಾತ್ರಿ ಬಚ್ಚಲುಮನೆ ಹುಡುಕಿಕೊಂಡು ಎಲ್ಲ ಬಾಗಿಲೂ ತಳ್ಳುತ್ತಾನೆ. ಅಂಥ ದಿನಗಳಲ್ಲಿ ಬಚ್ಚಲಿನ ದಾರಿಗೆ ಒಂದು ಚಾರ್ಜಿಂಗ್ ಲೈಟ್ ಇಡಿ, ಕೋವಿಗೆ ಬೀಗ ಹಾಕಿ ಕೀಯನ್ನು ಮನೆಯ ಹಿರಿಯರ ಹತ್ತಿರ ಕೊಡಿ.

ಎಣಿಕೆ ಆದ ಮೇಲೆ ಬೆಳಕು. ಹಜಾರದ ದೀಪ ಹಾಕಿ, ಅಂಗಳದ ದೀಪ ಹಾಕಿ. ಕಳ್ಳನಿಗೆ ಬೆಳಕು ಬೇಡ, ಮನೆಯವರಿಗೆ ಬೇಕು. ಟಾರ್ಚನ್ನು ಕೋವಿಯ ನಳಿಗೆಗೆ ಕಟ್ಟಿಕೊಳ್ಳುವ ಅಭ್ಯಾಸ ಕೆಲವರಿಗೆ ಇದೆ. ಮನೆಯೊಳಗೆ ಅದು ಬೇಡವೇ ಬೇಡ. ಯಾರು ಅಂತ ನೋಡಲು ಬೆಳಕು ಹಾಯಿಸಿದರೆ ನಳಿಗೆಯೂ ಅವರ ಎದೆಗೇ ತಿರುಗಿರುತ್ತದೆ. ಬಾಗಿಲ ಮೂಲಕ, ಗೋಡೆಯ ಮೂಲಕ ಗುರಿ ಇಡುವ ಮಾತಂತೂ ದೂರ. 12 ಬೋರ್ ಕೋವಿಯ ದಪ್ಪ ಚರೆಗುಂಡು ತೆಳು ಹಲಗೆಯನ್ನು ತೂರಿಕೊಂಡು ಹೋಗುತ್ತದೆ, ಆಚೆ ಯಾರು ಮಲಗಿದ್ದಾರೆ ಅಂತ ಅದಕ್ಕೆ ಗೊತ್ತಿಲ್ಲ.

ಬೆಂಗಳೂರು, ಮೈಸೂರಿನಲ್ಲಿ ಇರುವ ಮಕ್ಕಳಿಗೂ ಒಂದು ಮಾತು. ರಾತ್ರಿ ಬಸ್ಸಿಗೆ ಬಂದು ಬೆಳಗಿನ ಜಾವ ಗೋಣಿಕೊಪ್ಪದಲ್ಲೋ ವಿರಾಜಪೇಟೆಯಲ್ಲೋ ಇಳಿದು, ಅಪ್ಪ ಅಮ್ಮನಿಗೆ ಸರ್‌ಪ್ರೈಸ್ ಕೊಡೋಣ ಅಂತ ಹಿತ್ತಲಿನಿಂದ ಬರಬೇಡಿ. ಫೋನ್ ಮಾಡಿ. ನೆಟ್‌ವರ್ಕ್ ಸಿಗದಿದ್ದರೆ ಗೇಟಿನಲ್ಲೇ ನಿಂತು ಹೆಸರು ಹೇಳಿ ಕೂಗಿ. ಗದ್ದೆಯ ಆಚೆಯಿಂದ ಕೂ ಹಾಕುವ ರೂಢಿ ನಮ್ಮ ಹಿರಿಯರಿಗೆ ಇತ್ತಲ್ಲ, ಪ್ರತಿ ಮನೆಯೂ ಅಂಥ ತನ್ನದೇ ಒಂದು ಕೂಗು ಇಟ್ಟುಕೊಂಡರೆ ಒಳ್ಳೆಯದು. ಮನೆಯಲ್ಲಿ ನಾಯಿ ಇದ್ದರೆ ಅದನ್ನೂ ಗಮನಿಸಿ. ಅದು ಬೊಗಳದೆ ಕುಂಯ್‌ಗುಟ್ಟುತ್ತಾ ಬಾಗಿಲಿಗೆ ಓಡಿದರೆ ಹೆಚ್ಚಾಗಿ ಬಂದವರು ಪರಿಚಯದವರೇ. ನಾಯಿಯೂ ತಪ್ಪಬಹುದು, ಆದ್ದರಿಂದ ಅದೊಂದನ್ನೇ ನಂಬಬೇಡಿ.

ಕಾಫಿ ಕೊಯ್ಲಿನ ಸಮಯ ಬಂದರೆ ನನಗೆ ಬೇರೆ ಚಿಂತೆ. ಕಣದಲ್ಲಿ ಕಾಫಿ, ಕರಿಮೆಣಸು ಒಣಗುತ್ತಿರುತ್ತದೆ, ಕಳ್ಳತನದ ಭಯ ಇರುತ್ತದೆ, ಕಾವಲಿಗೆ ಹೋದವನ ಕೈಯಲ್ಲಿ ಕೋವಿ ಇರುತ್ತದೆ. ಗಂಡ ಕಣದಲ್ಲಿ ಚಳಿಯಲ್ಲಿ ಇದ್ದಾನೆ ಅಂತ ಹೆಂಡತಿ ನಡುರಾತ್ರಿ ಫ್ಲಾಸ್ಕ್‌ನಲ್ಲಿ ಕಾಫಿ ತೆಗೆದುಕೊಂಡು ಕತ್ತಲಲ್ಲೇ ನಡೆದು ಬರುತ್ತಾಳೆ. ಲೈನ್ ಮನೆಯ ಕೆಲಸದವರು ಯಾವುದೋ ತುರ್ತಿಗೆ ಸಹಾಯ ಕೇಳಲು ಬರುತ್ತಾರೆ. ತೋಟದಲ್ಲಿ ಎಲೆ ಸರಿದ ಸದ್ದು ಹಂದಿಯೋ, ಆನೆಯೋ, ಮನುಷ್ಯನೋ ಅಂತ ಕಿವಿಗೆ ಗೊತ್ತಾಗುವುದಿಲ್ಲ. ಕಣಕ್ಕೆ ಬರುವವರು ಟಾರ್ಚ್ ಹಾಕಿಕೊಂಡು ಮಾತಾಡುತ್ತಲೇ ಬರಬೇಕು. ಕಾವಲಿನವನು ಕೋವಿಗೆ ಕಾಡತೂಸು ತುಂಬದೆ ಪಕ್ಕದಲ್ಲಿ ಇಟ್ಟುಕೊಳ್ಳಬೇಕು. ಸದ್ದು ಕೇಳಿ ಗುಂಡು ಹಾರಿಸುವುದು ನಮ್ಮ ಹಿರಿಯರು ಕಲಿಸಿದ ವಿದ್ಯೆ ಅಲ್ಲ.

ಕಾನೂನಿನ ವಿಷಯ ಚಿಕ್ಕದಾಗಿ. ತಪ್ಪು ತಿಳಿದು ಮಾಡಿದೆ ಅನ್ನುವ ರಕ್ಷಣೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ 17ನೇ ಸೆಕ್ಷನ್ ಆಗಿ ಇದೆ. ಆದರೆ ಅದು ಸದ್ಭಾವನೆಯಿಂದ ಮಾಡಿದ್ದಾಗಿರಬೇಕು, ತಕ್ಕ ಎಚ್ಚರಿಕೆ ಇಲ್ಲದೆ ನಂಬಿದ್ದನ್ನು ಸದ್ಭಾವನೆ ಅನ್ನಲು ಬರುವುದಿಲ್ಲ ಅಂತ ಅದೇ ಕಾನೂನು ಹೇಳುತ್ತದೆ. ದೀಪ ಹಾಕಿದ್ದಿರಾ, ಕೂಗಿದ್ದಿರಾ ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ನಿರ್ಲಕ್ಷ್ಯದಿಂದ ಸಾವಾದರೆ 106ನೇ ಸೆಕ್ಷನ್ ಪ್ರಕಾರ 5 ವರ್ಷದವರೆಗೆ ಜೈಲು.

ಅಮ್ಮನ ಕೋಣೆಯ ಬಾಗಿಲಿಗೆ ಈಗ ಹಸುವಿನ ಕೊರಳಿನ ಹಳೆ ಗಂಟೆ ಕಟ್ಟಿದ್ದೇವೆ. ಕೋವಿಯಲ್ಲಿ ಕಾಡತೂಸು ಇರುವುದಿಲ್ಲ, ಎರಡು ಕೀಗಳು ಮೊದಲಿನ ಹಾಗೆಯೇ ಎರಡು ಕೋಣೆಯಲ್ಲಿ ಇವೆ. ಕೀ ಹುಡುಕುವ ಆ ಎರಡು ನಿಮಿಷ ತಡವಾಯಿತು ಅಂತ ನನಗೆ ಅನ್ನಿಸುವುದಿಲ್ಲ. ತಲೆಗೆ ಎಚ್ಚರವಾಗಲು ಅಷ್ಟು ಹೊತ್ತು ಬೇಕು.

ಎಣಿಸಿ ನೋಡಿದಿರಿ, ಮನೆಯವರೆಲ್ಲ ಇದ್ದಾರೆ, ಆದರೂ ಆಚೆ ಕೋಣೆಯಲ್ಲಿ ಯಾರೋ ಓಡಾಡುತ್ತಿದ್ದಾರೆ ಅಂತಾದರೆ ಹುಡುಕಿಕೊಂಡು ಹೋಗಬೇಡಿ. ಎಲ್ಲರನ್ನೂ ಒಂದೇ ಕೋಣೆಗೆ ಸೇರಿಸಿ, ಬಾಗಿಲು ಹಾಕಿ, 112ಕ್ಕೆ ಫೋನ್ ಮಾಡಿ, ಪಕ್ಕದ ತೋಟದವರಿಗೂ ಮಾಡಿ, ಪೊಲೀಸರನ್ನು ಕರೆದಿದ್ದೇವೆ ಅಂತ ಜೋರಾಗಿ ಕೂಗಿ ಹೇಳಿ. ಹೋಗುವವನಿಗೆ ಹೋಗಲು ದಾರಿ ಬಿಡಿ. ಒಳಗೆ ಎಷ್ಟು ಜನ ಮನೆಯವರಿದ್ದೇವೆ, ಯಾವ ಕೋಣೆಯಲ್ಲಿದ್ದೇವೆ ಅಂತ ಫೋನಿನಲ್ಲೇ ತಿಳಿಸಿ. ಪೊಲೀಸರ ಜೀಪು ಅಂಗಳಕ್ಕೆ ಬಂದಾಗ ನಿಮ್ಮ ಕೈಯಲ್ಲಿ ಕೋವಿ, ಕತ್ತಿ ಯಾವುದೂ ಇರಬಾರದು. ಆ ಕತ್ತಲಲ್ಲಿ ಮನೆಯವರು ಯಾರು, ಕಳ್ಳ ಯಾರು ಅಂತ ಅವರಿಗೂ ಗೊತ್ತಿರುವುದಿಲ್ಲ.