ನಿಟ್ ಶೂ ಸ್ವೆಟರ್ ಹಾಗೆ ಜಗ್ಗಿ ಹೋಗುತ್ತಾ?

ಪ್ರಶ್ನೆ: ದಿನಾ ವಾಕಿಂಗ್‌ಗೆ ಒಂದು ಜೊತೆ ನಿಟ್ ಶೂ, ಅಂದರೆ ಮೇಲ್ಭಾಗವನ್ನು ನೂಲಿನಿಂದ ಹೆಣೆದ ಶೂ, ತಗೋಬೇಕು ಅಂತಿದ್ದೇನೆ. ಅಂಗಡಿಯಲ್ಲಿ ಹಾಕಿ ನೋಡಿದಾಗ ಕಾಲಿಗೆ ತುಂಬ ಹಿತವಾಗಿತ್ತು. ಆದರೆ ಮನೆಯಲ್ಲಿ ಎಲ್ಲರೂ ಬೇಡ ಅಂತಾರೆ. ಹೆಣೆದದ್ದು ಅಂದಮೇಲೆ ಸ್ವೆಟರ್ ಹಾಗೆ ಜಗ್ಗಿ ಹೋಗಲ್ವಾ? ಒಂದು ಎಳೆ ಕಿತ್ತು ಬಂದರೆ ಪೂರ್ತಿ ಬಿಚ್ಚಿಕೊಳ್ಳಲ್ವಾ?

ಉತ್ತರ: ಜಗ್ಗುವುದಿಲ್ಲ, ಬಿಚ್ಚಿಕೊಳ್ಳುವುದೂ ಇಲ್ಲ. ನಿಜವಾಗಿ ಶೂಗೆಂದೇ ಹೆಣೆದದ್ದಾದರೆ ಧೈರ್ಯವಾಗಿ ತಗೊಳ್ಳಿ.

ಇಷ್ಟನ್ನೇ ಎಷ್ಟೋ ಸಲ ಹೇಳಿದ್ದೇನೆ. ಹೇಳಿದಷ್ಟೂ ಅದೇ ಪ್ರಶ್ನೆ ಮತ್ತೆ ಬರುತ್ತದೆ: ಸ್ವೆಟರ್, ಸ್ವೆಟರ್, ಸ್ವೆಟರ್. ತಪ್ಪು ನಿಮ್ಮದಲ್ಲ. ನಮ್ಮೆಲ್ಲರ ಮನೆಯಲ್ಲೂ ತೋಳು ಮಂಡಿಯವರೆಗೆ ಇಳಿದ ಒಂದು ಹಳೇ ಸ್ವೆಟರ್ ಇದ್ದೇ ಇರುತ್ತದೆ, ಅದನ್ನು ನೋಡಿದವರು ಹೆದರುವುದು ಸಹಜ. ಹಾಗಾಗಿ ಈ ಸಲ ಪೂರ್ತಿ ಬಿಡಿಸಿ ಬರೆಯುತ್ತೇನೆ.

ಆ ಸ್ವೆಟರಿನಿಂದಲೇ ಶುರು ಮಾಡೋಣ. ಅದರಿಂದ ಒಂದು ಎಳೆ ಬಿಚ್ಚಿ. ನೂಲು ಅಲೆ ಅಲೆಯಾಗಿ ಬರುತ್ತದೆ. ಎರಡು ತುದಿ ಹಿಡಿದು ನೆಟ್ಟಗೆ ಮಾಡಿ. ಎಷ್ಟು ಉದ್ದ ಆಯಿತು ನೋಡಿ! ಈಗ ಇನ್ನೂ ಎಳೆಯಿರಿ. ಅಲೆ ಹೋದಮೇಲೆ ನೂಲು ಹೆಚ್ಚೇನೂ ಹಿಗ್ಗುವುದಿಲ್ಲ, ಕೊನೆಗೆ ಕಡಿಯುತ್ತದೆ ಅಷ್ಟೆ. ಅಂದರೆ ಹಿಗ್ಗಿದ್ದು ನೂಲಲ್ಲ. ನೂಲು ಕುಣಿಕೆ ಕುಣಿಕೆಯಾಗಿ ಕೂತಿತ್ತು, ಎಳೆದಾಗ ಆ ಕುಣಿಕೆ ಆಕಾರ ಬದಲಿಸಿತು. ಇದೊಂದು ಅರ್ಥವಾದರೆ ಉಳಿದದ್ದೆಲ್ಲ ಸುಲಭ.

ಇನ್ನೊಂದು ಪರೀಕ್ಷೆ. ಮೈಮೇಲಿರುವ ಟಿ-ಶರ್ಟನ್ನು ಅಡ್ಡಕ್ಕೆ ಎಳೆಯಿರಿ, ಆಮೇಲೆ ಉದ್ದಕ್ಕೆ ಎಳೆಯಿರಿ. ಅಡ್ಡಕ್ಕೆ ಜಾಸ್ತಿ ಹಿಗ್ಗುತ್ತದೆ. ಈಗ ಕತ್ತಿನ ಪಟ್ಟಿ ಎಳೆಯಿರಿ. ಅದು ಇನ್ನೂ ಜಾಸ್ತಿ ಹಿಗ್ಗಿ, ಬಿಟ್ಟ ತಕ್ಷಣ ವಾಪಸ್ ಬರುತ್ತದೆ. ಮೈ ಭಾಗದ್ದು ಸಿಂಗಲ್ ಜೆರ್ಸಿ ಅನ್ನುವ ಹೆಣಿಗೆ, ಕತ್ತಿನದ್ದು ರಿಬ್ ಅನ್ನುವ ಹೆಣಿಗೆ. ನೂಲು ಹೆಚ್ಚುಕಡಿಮೆ ಒಂದೇ, ಹೆಣಿಗೆ ಬೇರೆ. ಎಷ್ಟು ಹಿಗ್ಗಬೇಕು, ಯಾವ ದಿಕ್ಕಿಗೆ ಹಿಗ್ಗಬೇಕು ಅನ್ನುವುದು ಹೆಣೆಯುವವರ ಕೈಯಲ್ಲಿದೆ. ಹಾಗಿದ್ದಮೇಲೆ ಹಿಗ್ಗಲೇ ಬಾರದು ಅನ್ನುವ ಹಾಗೂ ಹೆಣೆಯಬಹುದು, ಅಲ್ವಾ?

ಶೂ ಮಾಡುವವರು ಅದನ್ನೇ ಮಾಡುತ್ತಾರೆ. ಮೊದಲನೆಯದು ನೇರ ನೂಲು. ಕುಣಿಕೆಗಳ ಸಾಲಿನ ನಡುವೆ ಕುಣಿಕೆಯೇ ಆಗದ ಒಂದು ನೂಲನ್ನು ನೆಟ್ಟಗೆ ಹಾಯಿಸುತ್ತಾರೆ. ನೆಟ್ಟಗಿರುವ ನೂಲಿನಲ್ಲಿ ಬಿಡಿಸಿಕೊಳ್ಳಲು ಅಲೆಯೇ ಇಲ್ಲ. ಆ ದಿಕ್ಕಿಗೆ ಬಟ್ಟೆ ಅಲ್ಲಿಗೇ ನಿಲ್ಲುತ್ತದೆ. ನೈಕಿ ಕಂಪನಿಯವರ ಫ್ಲೈನಿಟ್ ಅನ್ನುವ ಮೊದಲ ಹೆಣೆದ ಶೂಗಳಲ್ಲಿ ಲೇಸ್ ತೂತಿನಿಂದ ಸೋಲ್‌ವರೆಗೆ ಗಟ್ಟಿ ದಾರಗಳು ಇಳಿದಿದ್ದವು. ಲೇಸ್ ಬಿಗಿದರೆ ಎಳೆತವನ್ನು ತಡೆಯುವುದು ಆ ದಾರ, ಹೆಣಿಗೆ ಅಲ್ಲ.

ಎರಡನೆಯದು ಕರಗುವ ನೂಲು. ಸಾಮಾನ್ಯ ಪಾಲಿಯೆಸ್ಟರ್ ಕರಗಲು ಸುಮಾರು 255 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಅದಕ್ಕಿಂತ ಎಷ್ಟೋ ಕಡಿಮೆ ಶಾಖಕ್ಕೆ ಕರಗುವ ನೂಲನ್ನು ಬೇಕಾದ ಜಾಗದಲ್ಲಿ ಜೊತೆಗೇ ಹೆಣೆಯುತ್ತಾರೆ. ಆಮೇಲೆ ಬಿಸಿ ಪ್ರೆಸ್ ಕೊಡುತ್ತಾರೆ. ಆ ನೂಲು ಕರಗಿ ಪಕ್ಕದ ಕುಣಿಕೆಗಳನ್ನು ಕಚ್ಚಿಕೊಂಡು ತಣ್ಣಗಾಗುತ್ತದೆ. ಆ ಜಾಗ ಗಡುಸಾಗುತ್ತದೆ. ಎಳೆ ಕಿತ್ತರೆ ಬಿಚ್ಚಿಕೊಳ್ಳುತ್ತೆ ಅನ್ನುವ ಭಯಕ್ಕೂ ಇದೇ ಉತ್ತರ. ಅಂಟಿಕೊಂಡ ಕುಣಿಕೆ ಪಕ್ಕದ ಕುಣಿಕೆಯಿಂದ ಜಾರಿ ಹೊರಗೆ ಬರಲಾರದು. ಮುಳ್ಳುತಂತಿಗೆ ಸಿಕ್ಕಿ ಒಂದು ಎಳೆ ಮೇಲೆದ್ದರೆ ಅದನ್ನು ಎಳೆಯಬೇಡಿ, ಒಳಕ್ಕೆ ತಳ್ಳಿಬಿಡಿ. ಮುಗಿಯಿತು.

ಮೂರನೆಯದು ನೂಲಿನ ಜಾತಿ. ಸ್ವೆಟರ್ ಇಳಿಬೀಳುವುದು ಸುಮ್ನೆ ಅಲ್ಲ. ಒಗೆದಾಗ ನೀರು ಕುಡಿದು ಭಾರವಾಗುತ್ತದೆ, ಹಗ್ಗದ ಮೇಲೆ ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಸಾಮಾನ್ಯ ಹವೆಯಲ್ಲೇ ಉಣ್ಣೆ ತನ್ನ ತೂಕದ ಶೇ 16ರಷ್ಟು, ಹತ್ತಿ ಶೇ 8ರಷ್ಟು ತೇವ ಇಟ್ಟುಕೊಂಡಿರುತ್ತದೆ. ಪಾಲಿಯೆಸ್ಟರ್ ಬರೀ ಶೇ 0.4. ಅದಲ್ಲದೆ ಪಾಲಿಯೆಸ್ಟರನ್ನು ಬಿಸಿ ಕೊಟ್ಟು ಒಂದು ಆಕಾರಕ್ಕೆ ಕೂರಿಸಿದರೆ ಅದು ಆ ಆಕಾರ ಬಿಡುವುದಿಲ್ಲ. ಪಾಲಿಯೆಸ್ಟರ್ ಪ್ಯಾಂಟಿನ ಇಸ್ತ್ರಿ ಗೆರೆ ಒಗೆದರೂ ಹೋಗದೆ ಉಳಿಯುವುದು ಇದರಿಂದಲೇ.

ಇಷ್ಟಾದರೂ ನಂಬಿಕೆ ಬರದವರು ಫುಟ್‌ಬಾಲ್ ಕಡೆ ನೋಡಲಿ. 2014ರಲ್ಲಿ ಅಡಿಡಾಸ್ ಸಾಂಬಾ ಪ್ರೈಮ್‌ನಿಟ್ ಅನ್ನುವ ಬೂಟನ್ನೂ, ನೈಕಿ ಮಜಿಸ್ಟಾ ಅನ್ನುವ ಬೂಟನ್ನೂ ತಂದವು. ಎರಡೂ ಹೆಣೆದ ಬೂಟು. ಓಡುತ್ತಾ ಓಡುತ್ತಾ ಥಟ್ಟನೆ ಪಕ್ಕಕ್ಕೆ ತಿರುಗುವ ಆಟಗಾರನ ಪಾದ ಬೂಟಿನ ಗೋಡೆಗೆ ಒದೆಯುವ ಜೋರು ನಮ್ಮ ವಾಕಿಂಗ್‌ನಲ್ಲಿ ಎಲ್ಲಿ ಬರಬೇಕು! ಜಗ್ಗುವ ಹಾಗಿದ್ದರೆ ಅದು ಮೊದಲ ಪಂದ್ಯಕ್ಕೇ ಗೊತ್ತಾಗುತ್ತಿತ್ತು.

ಇನ್ನು ಕಾಲಿಗೆ ಹಿತ ಯಾಕೆ ಅನ್ನುವುದು. ಮಾಮೂಲಿ ಸ್ಪೋರ್ಟ್ಸ್ ಶೂ ಬಿಚ್ಚಿ ನೋಡಿದರೆ ಪಾದದ ಮೇಲಿನ ಭಾಗ, ಅಂದರೆ ಅಪ್ಪರ್, ಹತ್ತಾರು ತುಂಡುಗಳದ್ದು. ಮೆಶ್, ರೆಕ್ಸಿನ್, ಫೋಮ್, ಅಸ್ತರು, ನಾಲಿಗೆ. ಒಂದೊಂದನ್ನೂ ಡೈ, ಅಂದರೆ ಕತ್ತರಿಸುವ ಅಚ್ಚು, ಇಟ್ಟು ಪ್ರೆಸ್‌ನಲ್ಲಿ ಕತ್ತರಿಸಿ, ಹೊಲಿದು, ಅಂಟಿಸಬೇಕು. ತುಂಡಿನ ಮೇಲೆ ತುಂಡು ಬಂದ ಕಡೆ ದಪ್ಪ. ಹೊಲಿಗೆ ಬಂದ ಕಡೆ ಉಬ್ಬು. ಪಾದ ಬಗ್ಗುವ ಜಾಗದಲ್ಲೇ ಆ ಉಬ್ಬು ಇದ್ದರೆ ಬೊಬ್ಬೆ ಏಳುತ್ತದೆ. ಹೆಣೆದ ಅಪ್ಪರ್‌ನಲ್ಲಿ ಬೆರಳಿನ ಹತ್ತಿರ ಗಾಳಿಯಾಡುವ ತೂತು, ಪಕ್ಕದಲ್ಲಿ ಬಿಗಿ, ಹಿಮ್ಮಡಿಯಲ್ಲಿ ಗಡುಸು, ಎಲ್ಲವೂ ಒಂದೇ ಬಟ್ಟೆಯಲ್ಲಿ ಮಧ್ಯೆ ಹೊಲಿಗೆ ಇಲ್ಲದೆ ಬರುತ್ತದೆ.

ಯಂತ್ರ ಹೊಸದೇನಲ್ಲ. ಸ್ವೆಟರ್ ಹೆಣೆಯುವ ಫ್ಲಾಟ್ ನಿಟ್ಟಿಂಗ್ ಯಂತ್ರದ ಜಾತಿಯದ್ದೇ. ಜರ್ಮನಿಯ ಸ್ಟೋಲ್, ಜಪಾನಿನ ಶಿಮಾ ಸೈಕಿ ಈ ಯಂತ್ರಗಳಿಗೆ ಹೆಸರಾದವು. ಎದುರುಬದುರು ಎರಡು ಸಾಲು ಸೂಜಿ. ಪ್ರತಿ ಸೂಜಿಗೂ ಕಂಪ್ಯೂಟರ್ ಬೇರೆ ಬೇರೆ ಆದೇಶ ಕೊಡುತ್ತದೆ: ನೀನು ಕುಣಿಕೆ ಹಾಕು, ನೀನು ಸುಮ್ಮನಿರು, ನೀನು ಹಳೇ ಕುಣಿಕೆ ಹಿಡಿದುಕೊಂಡೇ ಹೊಸದನ್ನೂ ತಗೋ. ಕೆಳಗಿನಿಂದ ಕುದುರೆ ಲಾಳದ ಆಕಾರದಲ್ಲಿ ಅಪ್ಪರ್ ಇಳಿದು ಬರುತ್ತದೆ. 2012ರ ಲಂಡನ್ ಒಲಿಂಪಿಕ್ಸ್ ಹೊತ್ತಿಗೆ ನೈಕಿ ಫ್ಲೈನಿಟ್ಟನ್ನೂ ಅಡಿಡಾಸ್ ಪ್ರೈಮ್‌ನಿಟ್ಟನ್ನೂ ತಂದು, ಅದೇ ವರ್ಷ ಜರ್ಮನಿಯ ಕೋರ್ಟಿನಲ್ಲಿ ಪೇಟೆಂಟ್‌ಗಾಗಿ ಎದುರುಬದುರಾದವು. ನೈಕಿ ಕೊಟ್ಟ ಲೆಕ್ಕದಲ್ಲಿ ಮೊದಲ ಫ್ಲೈನಿಟ್ ರೇಸರ್ ಶೂ 160 ಗ್ರಾಂ, ಅದರಲ್ಲಿ ಅಪ್ಪರ್ ಬರೀ 34 ಗ್ರಾಂ.

ತಯಾರಿಕೆ ಸುಲಭ ಆಗುತ್ತೆ ಅನ್ನುವುದು ನಿಜ, ಆದರೆ ಪೂರ್ತಿ ನಿಜ ಅಲ್ಲ. ಕತ್ತರಿಸಿ ಉಳಿದ ಚೂರುಪಾರು ತುಂಬ ಕಡಿಮೆ. ಹೊಲಿಗೆಯ ಕೆಲಸವೂ ಕಡಿಮೆ. ತಮಿಳುನಾಡಿನ ಆಂಬೂರು, ವಾಣಿಯಂಬಾಡಿಯಂಥ ಊರುಗಳಲ್ಲಿ ಅಪ್ಪರ್ ಹೊಲಿದೇ ಬದುಕುವವರಿದ್ದಾರೆ, ಅವರನ್ನು ನೆನೆದರೆ ಇದನ್ನು ಬರೀ ಲಾಭ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಇನ್ನೊಂದು ಕಡೆ, ಪ್ರೆಸ್ ಕ್ಷಣದಲ್ಲಿ ಕತ್ತರಿಸುವುದನ್ನು ಹೆಣಿಗೆ ಯಂತ್ರ ನಿಮಿಷಗಟ್ಟಲೆ ಹೆಣೆಯುತ್ತದೆ. ಸಾಲು ಸಾಲು ದುಬಾರಿ ಯಂತ್ರ ಬೇಕು. ಲಾಳದ ಎರಡು ತುದಿಯನ್ನು ಹಿಮ್ಮಡಿಯಲ್ಲಿ ಸೇರಿಸಲು ಸಾಮಾನ್ಯವಾಗಿ ಒಂದು ಹೊಲಿಗೆ ಬೇಕೇ ಬೇಕು. ಆಮೇಲೆ ಪಾದದ ಆಕಾರದ ಅಚ್ಚಿಗೆ ಎಳೆದು ಸೋಲ್ ಅಂಟಿಸುವ ಕೆಲಸ ಹಳೆಯ ಹಾಗೇ ಇದೆ.

ಹಾಗಾದರೆ ಜಗ್ಗಿದ ನಿಟ್ ಶೂ ನೋಡಿದವರು ಸುಳ್ಳು ಹೇಳುತ್ತಿದ್ದಾರಾ? ಇಲ್ಲ. ಅವರು ನೋಡಿದ್ದು ಬೇರೆ ಮಾಲು. ಥಾನುಗಟ್ಟಲೆ ಬರುವ ಹೆಣೆದ ಬಟ್ಟೆಯನ್ನು ಕತ್ತರಿಸಿ, ಹೊಲಿದು, ನಿಟ್ ಶೂ ಅಂತ ಮಾರುತ್ತಾರೆ. ಅದರಲ್ಲಿ ನೇರ ನೂಲೂ ಇಲ್ಲ, ಕರಗುವ ನೂಲೂ ಇಲ್ಲದಿರಬಹುದು. ಅಂಗಡಿಯಲ್ಲೇ ಕಂಡುಹಿಡಿಯಬಹುದು. ಲೇಸ್ ತೂತಿನ ಪಕ್ಕ ಹೆಬ್ಬೆರಳಿಂದ ಒತ್ತಿ ಎಳೆಯಿರಿ, ಬಿಗಿಯಾಗಿರಬೇಕು. ಬೆರಳಿನ ಮೇಲ್ಭಾಗ ಒತ್ತಿ, ಅಲ್ಲಿ ಮೆತ್ತಗಿರಬೇಕು. ಎರಡೂ ಕಡೆ ಒಂದೇ ಥರ ಹಿಗ್ಗಿದರೆ ವಾಪಸ್ ಇಟ್ಟುಬಿಡಿ. ಅಂಚಿನಲ್ಲಿ ಕತ್ತರಿಸಿದ ಗುರುತು ಇದ್ದರೂ ಅಷ್ಟೆ. ಹೌದು, ಮಳೆಗೆ ಈ ಶೂ ಆಗಿಬರುವುದಿಲ್ಲ. ಮಲೆನಾಡಿನಲ್ಲಿದ್ದರೆ ಜೂನ್‌ನಿಂದ ಅದನ್ನು ಗೂಡಿನಲ್ಲೇ ಇಡಿ.

ಯಾರೂ ನೇರವಾಗಿ ಕೇಳದಿದ್ದರೂ ಒಂದು ಮಾತು ಹೇಳಲೇಬೇಕು. ಮನೆಯಲ್ಲಿ ಸಕ್ಕರೆ ಕಾಯಿಲೆಯವರಿಗೆ ಈ ಶೂ ಕೊಡಿಸಬಹುದಾ? ವರ್ಷಗಳು ಕಳೆದ ಹಾಗೆ ಅವರಲ್ಲಿ ಹಲವರಿಗೆ ಪಾದದ ಸ್ಪರ್ಶ ಕಡಿಮೆಯಾಗುತ್ತದೆ. ಒಳಗಿನ ಹೊಲಿಗೆ ಉಜ್ಜಿ ಬೊಬ್ಬೆ ಬಂದರೂ ತಿಳಿಯುವುದಿಲ್ಲ. ಅದು ಹುಣ್ಣಾದ ಮೇಲೆ ಗುಣವಾಗುವುದು ಕಷ್ಟ. ಹಾಗಾಗಿ ಒಳಗೆ ಹೊಲಿಗೆ ಉಬ್ಬಿಲ್ಲದ, ಬೆರಳಿಗೆ ಜಾಗ ಬಿಡುವ ಶೂ ಅವರಿಗೆ ಒಳ್ಳೆಯದೇ. ಆದರೆ ಶೂ ಒಳಗಿನ ಹೊಲಿಗೆ ಹೋದರೂ ಸಾಕ್ಸ್ ಒಳಗಿನದು ಉಳಿದಿರುತ್ತದೆ! ಸಾಕ್ಸನ್ನು ಕೊಳವೆಯಂತೆ ಹೆಣೆದು, ಬೆರಳಿನ ಕಡೆ ಆಮೇಲೆ ಮುಚ್ಚುತ್ತಾರೆ. ಆ ಗೆರೆ ದಪ್ಪಗಿದ್ದರೆ ಬೇಡ, ಚಪ್ಪಟೆಯಾಗಿ ಮುಚ್ಚಿದ್ದನ್ನು ಕೊಳ್ಳಿ.

ಹೆಣೆದ ಅಪ್ಪರ್ ಮುಳ್ಳನ್ನು, ಬಿದ್ದ ಕಲ್ಲನ್ನು ತಡೆಯುವುದಿಲ್ಲ. ತೋಟ ಗದ್ದೆಯಲ್ಲಿ ಓಡಾಡುವವರಿಗೆ ಇದು ಬೇಡ. ಸ್ಪರ್ಶ ಈಗಾಗಲೇ ಕಡಿಮೆ ಆಗಿದ್ದರೆ ಮೊದಲು ವೈದ್ಯರಿಗೆ ಪಾದ ತೋರಿಸಿ. ಹಲವರಿಗೆ ಎಂ.ಸಿ.ಆರ್. (ಮೈಕ್ರೋ ಸೆಲ್ಯುಲಾರ್ ರಬ್ಬರ್ ಅನ್ನುವ ಮೆತ್ತನೆ ರಬ್ಬರಿನ) ಚಪ್ಪಲಿಯೇ ಸರಿಹೋಗುತ್ತದೆ. ಶೂ ಕೊಳ್ಳುವುದಾದರೆ ಸಂಜೆ ಹೊತ್ತು ಹೋಗಿ, ಆಗ ಪಾದ ಸ್ವಲ್ಪ ಊದಿಕೊಂಡಿರುತ್ತದೆ, ಅಳತೆ ಸರಿಯಾಗಿ ಸಿಗುತ್ತದೆ. ದಿನಾ ಹಾಕಿಕೊಳ್ಳುವ ಮೊದಲು ಒಳಗೆ ಕೈ ಹಾಕಿ ಸವರಿ ನೋಡುವಂತೆ ಅವರಿಗೆ ಹೇಳಿಕೊಡಿ.