‘ಕೈ ಮಾಡ್ತಾರೆ’ ಅಂದರೆ ಏನು? ವಲಸೆ ಹೋದ ಹೆಣ್ಣುಮಕ್ಕಳ ನೆರವಿನ ಬಗ್ಗೆ ಟಿಪ್ಪಣಿ

ಸಮಾಜಕಾರ್ಯ ಓದುತ್ತಿರುವ ಗೆಳೆಯರೇ, ಈ ಪಾಠವನ್ನು ನಮ್ಮ ಶಿರಸಿಯಿಂದಲೇ ಶುರು ಮಾಡೋಣ. ಮಗಳನ್ನು ಅಮೆರಿಕಕ್ಕೆ ಕೊಟ್ಟ ಮನೆಗಳು ಸುತ್ತಲಿನ ಹಳ್ಳಿಗಳಲ್ಲಿ ಎಷ್ಟೋ ಇವೆ. ವಾರಕ್ಕೊಮ್ಮೆ ಫೋನ್ ಬರುತ್ತದೆ. “ಊಟ ಆತಾ?” “ಆತು ಆಯಿ, ಆರಾಮಿದ್ದಿ.” ಸ್ಪೀಕರ್ ಹಾಕಿಸಿ ಗಂಡ ಪಕ್ಕದಲ್ಲೇ ಕೂತಿದ್ದರೆ ಅವಳು ಇನ್ನೇನು ಹೇಳಿಯಾಳು?

ಮೊದಲು ಮಾತಿನ ವಿಷಯ. ನಮ್ಮ ಹೆಂಗಸರು ‘ಗಂಡ ಹೊಡೆಯುತ್ತಾನೆ’ ಅಂತ ನೇರವಾಗಿ ಹೇಳುವುದು ಕಡಿಮೆ. ‘ಅವರಿಗೆ ಸ್ವಲ್ಪ ಸಿಟ್ಟು ಜಾಸ್ತಿ’ ಅಂತಾರೆ. ಧೈರ್ಯ ಬಂದರೆ ‘ಒಂದೊಂದ್ಸಲ ಕೈ ಮಾಡ್ತಾರೆ’ ಅಂತಾರೆ. ಇದನ್ನು ಪದಕ್ಕೆ ಪದ ಇಟ್ಟು ಇಂಗ್ಲಿಷ್ ಮಾಡಿದರೆ ಪೊಲೀಸರಿಗೆ ಏನೂ ತಿಳಿಯುವುದಿಲ್ಲ. ‘ಇಂಡಿಯಾದವಳು’ ಅಂತ ಹಿಂದಿ ದುಭಾಷಿಯನ್ನು ಕರೆಸಿದರೂ ಅಷ್ಟೇ. ಕಾರವಾರದ ಕೊಂಕಣಿ ಹುಡುಗಿ ತನ್ನ ನೋವನ್ನು ಹಿಂದಿಯಲ್ಲಿ ಹೇಗೆ ಹೇಳಬೇಕು? ಗಂಡನನ್ನೋ ಮಗುವನ್ನೋ ದುಭಾಷಿಯಾಗಿ ಕೂರಿಸುವುದಂತೂ ಕೂಡದೇ ಕೂಡದು. ಕನ್ನಡದವರೇ ಸಿಕ್ಕರೂ ಅವಳನ್ನು ಕೇಳಿಯೇ ಮುಂದುವರಿಯಬೇಕು. ಅಲ್ಲಿನ ಕನ್ನಡದವರ ಬಳಗ ಚಿಕ್ಕದು. ಯುಗಾದಿ ಊಟದ ಹೊತ್ತಿಗೆ ಸುದ್ದಿ ಎಲ್ಲರ ಬಾಯಲ್ಲಿದ್ದರೆ ಎಂಬ ಭಯ ಸುಮ್ನೆ ಹುಟ್ಟಿದ್ದಲ್ಲ.

ಈ ಕೊರತೆಯನ್ನು ತುಂಬಲು ಮುಂದೆ ಬಂದವರಲ್ಲಿ ವಲಸೆ ಹೋದ ಹೆಂಗಸರೇ ಜಾಸ್ತಿ. ಇಂಥ ಹೆಂಗಸರಿಗೆ ನೆರವಾಗುವ ಸಂಸ್ಥೆಗಳಲ್ಲಿ ನ್ಯೂಜೆರ್ಸಿಯ ‘ಮಾನವಿ’ 1985ರಲ್ಲಿ, ನ್ಯೂಯಾರ್ಕಿನ ‘ಸಖಿ’ 1989ರಲ್ಲಿ, ಕ್ಯಾಲಿಫೋರ್ನಿಯಾದ ‘ಮೈತ್ರಿ’ 1991ರಲ್ಲಿ ಶುರುವಾದವು. ಲಂಡನ್ನಿನ ಸೌತಾಲ್ ಬ್ಲ್ಯಾಕ್ ಸಿಸ್ಟರ್ಸ್ ಇನ್ನೂ ಹಳೆಯದು, 1979ರದ್ದು. ಇಂಥ ಆಸರೆಮನೆಯಲ್ಲಿ ಅಡುಗೆಮನೆಯೂ ಸೇವೆಯ ಭಾಗವೇ. ಮಾಂಸ ಮುಟ್ಟದವಳಿಗೆ ಬೇರೆ ಪಾತ್ರೆ, ಭಟ್ಕಳದವಳಿಗೆ ಹಲಾಲ್ ಊಟ. ಹೆದರಿ ಬಂದವಳು ಮೊದಲ ರಾತ್ರಿ ಒಂದು ಬಟ್ಟಲು ಬಿಸಿ ಗಂಜಿ ಉಂಡರೆ, ಬೆಳಿಗ್ಗೆ ಮಾತಾಡಲು ಅವಳಿಗೆ ಅಷ್ಟು ಬಲ ಬರುತ್ತದೆ.

ವೀಸಾ ವಿಷಯ ಸ್ವಲ್ಪ ಗೋಜಲು, ನಿಧಾನವಾಗಿ ಓದಿ. ಎಚ್-4 ಅಂದರೆ ಕೆಲಸಕ್ಕೆ ಹೋದ ಗಂಡನ ವೀಸಾಕ್ಕೆ ಹೆಂಡತಿಯ ವೀಸಾ ಕಟ್ಟಿಹಾಕಿರುವುದು. 2015ರಿಂದ ಕೆಲವು ಎಚ್-4 ಪತ್ನಿಯರಿಗಷ್ಟೇ ಕೆಲಸದ ಅನುಮತಿ ಸಿಗುತ್ತಿದೆ. ‘ವಾಪಸ್ ಕಳಿಸಿಬಿಡ್ತೀನಿ’ ಎಂಬ ಬೆದರಿಕೆಗೆ ಬಲ ಬರುವುದು ಇಲ್ಲಿಂದಲೇ. ಅಮೆರಿಕದ 1994ರ ಕಾನೂನು ಹಿಂಸೆಗೊಳಗಾದ ಹೆಂಡತಿ ತಾನೇ ಗ್ರೀನ್ ಕಾರ್ಡಿಗೆ, ಅಂದರೆ ಅಲ್ಲೇ ಕಾಯಂ ಇರುವ ಅನುಮತಿಗೆ, ಅರ್ಜಿ ಹಾಕಲು ದಾರಿ ಮಾಡಿತು. ಆದರೆ ಗಂಡ ಅಮೆರಿಕದ ಪ್ರಜೆಯೋ ಗ್ರೀನ್ ಕಾರ್ಡ್ ಇದ್ದವನೋ ಆಗಿದ್ದರೆ ಮಾತ್ರ. ಉಳಿದವರಿಗೆ 2000ದಲ್ಲಿ ಬಂದ ‘ಯು ವೀಸಾ’, ಅಂದರೆ ಅಪರಾಧಕ್ಕೆ ಬಲಿಯಾಗಿ ತನಿಖೆಗೆ ನೆರವಾಗುವವರಿಗೆ ಕೊಡುವ ವೀಸಾ, ಒಂದು ದಾರಿ. ಅದು ವರ್ಷಕ್ಕೆ 10,000 ಮಾತ್ರ, ಸಾಲು ಬಹಳ ಉದ್ದ. ಕೋರ್ಟಿನ ರಕ್ಷಣಾ ಆದೇಶ ಕೇಳಲು ಮಾತ್ರ ವೀಸಾ ಯಾವುದೆಂಬುದು ಅಡ್ಡಬರುವುದಿಲ್ಲ. ಇದನ್ನು ಅಡಿಗೆರೆ ಹಾಕಿಕೊಳ್ಳಿ.

ಒಂದು ಎಚ್ಚರಿಕೆ. ಸಂಸ್ಕೃತಿ ತಿಳಿದ ಸೇವೆ ಅಂದರೆ ಹಿರಿಯರನ್ನು ಕೂರಿಸಿ ರಾಜಿ ಮಾಡಿಸುವುದಲ್ಲ. ‘ಹೊಂದಿಕೊಂಡು ಹೋಗು’ ಅನ್ನುವುದನ್ನು ಅವಳು ಸಾಕಷ್ಟು ಕೇಳಿದ್ದಾಳೆ. ನಮ್ಮ ಬಾಯಿಂದ ಅದು ಮತ್ತೆ ಬರಬಾರದು.

ಅವಳು ಊರಿಗೆ ಬಂದುಬಿಟ್ಟರೆ? ನಮ್ಮ ಕೌಟುಂಬಿಕ ದೌರ್ಜನ್ಯ ಕಾಯ್ದೆ 2005ರದ್ದು, ಜಾರಿಯಾದದ್ದು 2006ರ ಅಕ್ಟೋಬರ್ 26ರಂದು. ಅದರ 27ನೇ ಕಲಮಿನ ಪ್ರಕಾರ ಅವಳು ತಾತ್ಕಾಲಿಕವಾಗಿ ಇರುವ ಊರಿನ ಕೋರ್ಟಿನಲ್ಲೂ ಅರ್ಜಿ ಹಾಕಬಹುದು. ತವರಿನಲ್ಲಿದ್ದರೆ ಶಿರಸಿಯಲ್ಲೇ ಆಗುತ್ತದೆ. 181 ಮಹಿಳಾ ಸಹಾಯವಾಣಿಯೂ ಇದೆ.

ಕೊನೆಗೆ, ತವರಿನವರು ಇಂದೇ ಮಾಡಬಹುದಾದದ್ದು. ಅವಳ ಪಾಸ್‌ಪೋರ್ಟ್, ವೀಸಾ ಪ್ರತಿಗಳು ಒಂದು ಕವರಿನಲ್ಲಿ ನಿಮ್ಮ ಹತ್ತಿರ ಇರಲಿ. ತಾಯಿ ಮಗಳ ನಡುವೆ ಒಂದು ಗುಟ್ಟಿನ ಮಾತು ಇರಲಿ. ‘ಅಪ್ಪೆಮಿಡಿ ಖಾಲಿಯಾತು’ ಅಂದರೆ ಅಪಾಯ ಅಂತ, ಹಾಗೆ. ಶಿರಸಿಯಿಂದ 911 ಒತ್ತಿದರೆ ಅಮೆರಿಕದ ಪೊಲೀಸರು ಸಿಗುವುದಿಲ್ಲ. ಅವಳ ಊರಿನ ಠಾಣೆಯ ಪೂರ್ತಿ ನಂಬರು, ಮನೆಯ ಪೂರ್ತಿ ವಿಳಾಸ, ಅಪಾರ್ಟ್‌ಮೆಂಟ್ ನಂಬರಿನ ಸಮೇತ, ಕ್ಯಾಲೆಂಡರಿನ ಹಿಂದೆ ಬರೆದಿಡಿ.