ಕನ್ನಡ ಪುಸ್ತಕದ ಕೆಲಸಕ್ಕೆ ಒದಗುವ ಮುಕ್ತ ತಂತ್ರಾಂಶಗಳು

ಕನ್ನಡ ಪುಸ್ತಕಗಳ ಪುಟವಿನ್ಯಾಸ ನನ್ನ ವೃತ್ತಿ. ದುಬಾರಿ ತಂತ್ರಾಂಶಗಳನ್ನು ಕೊಳ್ಳದೆ ಒಂದು ಹಸ್ತಪ್ರತಿಯನ್ನು ಮುದ್ರಣಾಲಯದವರೆಗೆ ಒಯ್ಯಲು ಸಾಧ್ಯವೇ ಎಂದು ಲೇಖಕರೂ ಸಣ್ಣ ಪ್ರಕಾಶಕರೂ ಆಗಾಗ ಕೇಳುತ್ತಾರೆ. ಖಂಡಿತ ಸಾಧ್ಯ. ಆದರೆ ತಂತ್ರಾಂಶವನ್ನು ಆರಿಸುವಾಗ ಬೆಲೆಗಿಂತ ಮೊದಲು ಎರಡು ಸಂಗತಿಗಳನ್ನು ಪರೀಕ್ಷಿಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ: ಅದರಲ್ಲಿ ಒತ್ತಕ್ಷರಗಳು ಸರಿಯಾಗಿ ಕೂಡುತ್ತವೆಯೇ, ಮತ್ತು ಇಂದು ಉಳಿಸಿದ ಕಡತ ಮುಂದೊಂದು ದಿನ ಬೇರೆಯವರ ಕಂಪ್ಯೂಟರಿನಲ್ಲಿಯೂ ಕನ್ನಡವಾಗಿಯೇ ತೆರೆದುಕೊಳ್ಳುತ್ತದೆಯೇ.

ಎರಡನೆಯ ಪ್ರಶ್ನೆ ಎಷ್ಟು ಮುಖ್ಯವೆಂಬುದು ಹಳೆಯ ಆಸ್ಕಿ ಫಾಂಟುಗಳ ಕಡತಗಳನ್ನು ತೆರೆದವರಿಗೆಲ್ಲ ಗೊತ್ತು. ಆ ವ್ಯವಸ್ಥೆಯಲ್ಲಿ ರೋಮನ್ ಅಕ್ಷರಗಳ ಸಂಕೇತಗಳಿಗೆ ಕನ್ನಡ ಅಕ್ಷರಗಳ ತುಂಡುಗಳನ್ನು ತೊಡಿಸಲಾಗುತ್ತಿತ್ತು. ಆ ಫಾಂಟು ಇಲ್ಲದ ಕಡೆ ಪಠ್ಯ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲಾಗಿ ಕಾಣುತ್ತದೆ. ‘ನುಡಿ’ ಮತ್ತು ‘ಬರಹ’ ಎಂಬ ಟೈಪಿಂಗ್ ತಂತ್ರಾಂಶಗಳು ಆ ಕಾಲದಲ್ಲಿ ಕನ್ನಡಕ್ಕೆ ಮಾಡಿದ ಉಪಕಾರ ದೊಡ್ಡದು, ಎರಡೂ ಈಗ ಯೂನಿಕೋಡಿನಲ್ಲಿ, ಅಂದರೆ ಕನ್ನಡದ ಅಕ್ಷರಗಳಿಗೆ ಅವುಗಳದೇ ಸಂಕೇತಗಳಿರುವ ವ್ಯವಸ್ಥೆಯಲ್ಲಿ, ಬರೆಯಲು ಅವಕಾಶ ಕೊಡುತ್ತವೆ. ಹಳೆಯ ಕಡತಗಳನ್ನು ಪರಿವರ್ತಿಸುವ ಉಚಿತ ಸಾಧನಗಳೂ ಇವೆ. ಆದರೂ ಪರಿವರ್ತನೆಯ ನಂತರ ಅರ್ಕಾವತ್ತು ಇರುವ ಪದಗಳನ್ನು ವಿಶೇಷವಾಗಿ ತಿದ್ದಿ ನೋಡಬೇಕು. ‘ಧರ್ಮ’ ಎಂಬಲ್ಲಿ ಯೂನಿಕೋಡು ಉಚ್ಚಾರಣೆಯ ಕ್ರಮದಲ್ಲಿ ರಕಾರವನ್ನು ಮಕಾರಕ್ಕಿಂತ ಮೊದಲು ಇರಿಸುತ್ತದೆ. ಆಸ್ಕಿ ಫಾಂಟುಗಳಲ್ಲಿ ಕಣ್ಣಿಗೆ ಕಾಣುವ ಕ್ರಮದಂತೆ ಅರ್ಕಾವತ್ತು ಕೊನೆಗೆ ಬರುತ್ತದೆ. ಈ ಅದಲುಬದಲಿನಲ್ಲಿ ತಪ್ಪುಗಳು ನುಸುಳುತ್ತವೆ.

ಟೈಪಿಂಗ್ ವಿಚಾರದಲ್ಲಿ ಹೆಚ್ಚು ಹೇಳಬೇಕಾದ್ದಿಲ್ಲ. ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣಾ ವ್ಯವಸ್ಥೆಯಲ್ಲಿ ಐಬಸ್ ಮತ್ತು ಎಂ17ಎನ್ ಎಂಬ ಟೈಪಿಂಗ್ ಸಾಧನಗಳು ಸೇರಿದರೆ ನುಡಿಯ ಟೈಪಿಸ್ಟರಿಗೆ ಪರಿಚಿತವಾದ ಕಗಪ (ಕನ್ನಡ ಗಣಕ ಪರಿಷತ್ತು) ಕೀಲಿಮಣೆ ವಿನ್ಯಾಸವೇ ದೊರೆಯುತ್ತದೆ, ಆದ್ದರಿಂದ ಬೆರಳುಗಳಿಗೆ ಹೊಸ ಅಭ್ಯಾಸ ಬೇಕಿಲ್ಲ. ಆಂಡ್ರಾಯ್ಡ್ ಫೋನುಗಳಿಗೆ ಇಂಡಿಕ್ ಕೀಬೋರ್ಡ್ ಎಂಬ ಮುಕ್ತ ಆ್ಯಪ್ ಇದೆ. ಯಾವುದನ್ನೇ ಬಳಸಿದರೂ ಕಣ್ಣಿಗೆ ಕಾಣದ ಎರಡು ಸಂಕೇತಗಳನ್ನು ಎಲ್ಲಿಂದ ಒತ್ತಬೇಕು ಎಂಬುದನ್ನು ಮೊದಲ ದಿನವೇ ಕಲಿಯಿರಿ. ‘ರಾಜ್‌ಕುಮಾರ್’ ಎಂಬುದು ‘ರಾಜ್ಕುಮಾರ್’ ಆಗದಂತೆ ತಡೆಯುವುದು ಒಂದು. ‘ರ‍್ಯಾಂಕ್’ ಎಂಬಲ್ಲಿ ರಕಾರವನ್ನು ಅರ್ಕಾವತ್ತಾಗಲು ಬಿಡದೆ ಪೂರ್ಣಾಕ್ಷರವಾಗಿ ಉಳಿಸುವುದು ಇನ್ನೊಂದು.

ಹಸ್ತಪ್ರತಿಯ ಹಂತಕ್ಕೆ ನಾನು ನಿಸ್ಸಂಕೋಚವಾಗಿ ಸೂಚಿಸುವುದು ಬರೆಯಲು, ತಿದ್ದಲು ಬಳಸುವ ಲಿಬ್ರೆಆಫೀಸ್. ಓಪನ್‌ಆಫೀಸ್‌ನಿಂದ 2010ರಲ್ಲಿ ಕವಲೊಡೆದ ಈ ತಂತ್ರಾಂಶವನ್ನು ‘ದಿ ಡಾಕ್ಯುಮೆಂಟ್ ಫೌಂಡೇಶನ್’ ನೋಡಿಕೊಳ್ಳುತ್ತಿದೆ. ಅದರ ಕಡತದ ಸ್ವರೂಪವು 2006ರಲ್ಲಿ ಅಂತರರಾಷ್ಟ್ರೀಯ ಮಾನಕವಾಗಿ ಅಂಗೀಕೃತವಾಗಿರುವುದರಿಂದ ಪಠ್ಯವು ಒಂದು ಕಂಪನಿಯ ಮರ್ಜಿಯನ್ನು ಅವಲಂಬಿಸಿರುವುದಿಲ್ಲ. 2017ರ 5.3ನೇ ಆವೃತ್ತಿಯಿಂದ ಎಲ್ಲ ಕಾರ್ಯಾಚರಣಾ ವ್ಯವಸ್ಥೆಗಳಲ್ಲಿಯೂ ಅದು ಅಕ್ಷರ ಜೋಡಣೆಗೆ ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶವನ್ನೇ ಬಳಸುತ್ತಿದೆ. ಕ್ರೋಮ್, ಫೈರ್‌ಫಾಕ್ಸ್ ಮತ್ತು ಆಂಡ್ರಾಯ್ಡ್‌ಗಳಲ್ಲಿ ಕನ್ನಡದ ಒತ್ತುಗಳನ್ನು ಕೂಡಿಸುವುದೂ ಅದೇ. ಹೊಸಬರು ಲಿಬ್ರೆಆಫೀಸಿನಲ್ಲಿ ಎಡವುವುದು ಒಂದೇ ಕಡೆ: ಪ್ಯಾರಾದ ಶೈಲಿಯಲ್ಲಿ ಫಾಂಟನ್ನೋ ಗಾತ್ರವನ್ನೋ ಬದಲಿಸುತ್ತಾರೆ, ಕನ್ನಡ ಮಾತ್ರ ಇದ್ದಂತೆಯೇ ಇರುತ್ತದೆ. ಅಲ್ಲಿ ಪಾಶ್ಚಾತ್ಯ ಲಿಪಿಗಳಿಗೆ ಒಂದು ಫಾಂಟು, ಕನ್ನಡದಂತಹ ಸಂಕೀರ್ಣ ಲಿಪಿಗಳಿಗೆ ಮತ್ತೊಂದು ಫಾಂಟು ಎಂದು ಪ್ರತ್ಯೇಕ ಜಾಗಗಳಿವೆ. ಕನ್ನಡದ ಬದಲಾವಣೆಯನ್ನು ಎರಡನೆಯದರಲ್ಲಿ ಮಾಡಬೇಕು. ಕಾಗುಣಿತ ಪರೀಕ್ಷೆಯನ್ನು ಮಾತ್ರ ನೆಚ್ಚಬೇಡಿ. ವಿಭಕ್ತಿ, ಸಂಧಿ, ಕ್ರಿಯಾರೂಪಗಳಿಂದ ಬೆಳೆಯುವ ನಮ್ಮ ಪದಗಳನ್ನೆಲ್ಲ ಪಟ್ಟಿಯೊಂದರಲ್ಲಿ ಹಿಡಿಯಲಾಗದು, ಆದ್ದರಿಂದ ಮನುಷ್ಯರೇ ಕರಡು ತಿದ್ದಬೇಕು.

ಮುಕ್ತ ಪರವಾನಗಿಯ ಫಾಂಟುಗಳಲ್ಲಿ ಪುಸ್ತಕದ ಒಳಪುಟಗಳಿಗೆ ನೋಟೊ ಸೆರಿಫ್ ಕನ್ನಡ ಮತ್ತು ಟೀರೊ ಕನ್ನಡ ಎರಡೂ ಯೋಗ್ಯವಾದವು. ದೀರ್ಘ ಗದ್ಯಕ್ಕೆ ನಾನು ಟೀರೊವನ್ನು ಮೆಚ್ಚುತ್ತೇನೆ. ಮುಖಪುಟದ ದಪ್ಪಕ್ಷರಗಳಿಗೆ ಬಲೂ ತಮ್ಮ ಚೆನ್ನಾಗಿ ಒಪ್ಪುತ್ತದೆ. ಫಾಂಟನ್ನು ನಿರ್ಧರಿಸುವ ಮೊದಲು ‘ರಾಷ್ಟ್ರ’, ‘ವೈಶಿಷ್ಟ್ಯ’, ‘ಸ್ವಾತಂತ್ರ್ಯ’ ಎಂದು ಬರೆದು ಮುದ್ರಿಸಿ ನೋಡಿ. ಒತ್ತಿನ ಮೇಲೆ ಒತ್ತು ಬಂದಾಗ ಕೆಳಗಿನ ಸಾಲಿನ ಗುಡಿಸಿಗೆ ಅದು ತಾಗಬಾರದು. 12 ಪಾಯಿಂಟಿನ ಅಕ್ಷರಕ್ಕೆ 18ರ ಆಸುಪಾಸಿನ ಸಾಲಿನಂತರ ಬೇಕಾಗುತ್ತದೆ. ಇಂಗ್ಲಿಷ್ ಪುಸ್ತಕದ ಅಳತೆಗಳನ್ನು ಹಾಗೆಯೇ ತಂದರೆ ಕನ್ನಡದ ಪುಟಕ್ಕೆ ಉಸಿರು ಕಟ್ಟುತ್ತದೆ.

ಮರುಮುದ್ರಣದ ಕೆಲಸಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಟೆಸರಾಕ್ಟ್. ಹ್ಯೂಲೆಟ್ ಪ್ಯಾಕರ್ಡ್ ಕಂಪನಿಯಲ್ಲಿ 1980ರ ದಶಕದಲ್ಲಿ ಹುಟ್ಟಿ, 2005ರಲ್ಲಿ ಮುಕ್ತವಾಗಿ ಬಿಡುಗಡೆಯಾದ ಇದು ಚಿತ್ರದಲ್ಲಿರುವ ಅಕ್ಷರಗಳನ್ನು ಗುರುತಿಸಿ ಪಠ್ಯವಾಗಿಸುತ್ತದೆ. ನರಜಾಲ ತಂತ್ರವನ್ನು ಅಳವಡಿಸಿಕೊಂಡ 2018ರ 4ನೇ ಆವೃತ್ತಿಯ ನಂತರ ಕನ್ನಡಕ್ಕೂ ಇದನ್ನು ಗಂಭೀರವಾಗಿ ಬಳಸಬಹುದು. ಕಮಾಂಡುಗಳನ್ನು ಬರೆಯಲು ಹಿಂಜರಿಯುವವರು ಜಿಇಮೇಜ್‌ರೀಡರ್ ಮೂಲಕ ಇದನ್ನೇ ಮೌಸ್ ಹಿಡಿದು ನಡೆಸಬಹುದು. ಪುಟಗಳನ್ನು 300 ಡಿಪಿಐಗೆ (ಇಂಚಿಗೆ 300 ಚುಕ್ಕೆಗಳಿಗೆ) ಕಡಿಮೆಯಿಲ್ಲದಂತೆ, ಸಾಲು ಓರೆಯಾಗದಂತೆ ಸ್ಕ್ಯಾನ್ ಮಾಡಿ. ಮೊಳೆಯಚ್ಚಿನ ಪುಸ್ತಕಗಳಲ್ಲಿ ಶಾಯಿ ಹರಡಿರುವ ಕಡೆ ದ, ಧ, ಥ ಒಂದರಂತೆ ಒಂದು ಕಾಣುತ್ತವೆ, ಅನುಸ್ವಾರವು ಸೊನ್ನೆಯಾಗಿಬಿಡುತ್ತದೆ. ಇವನ್ನು ಹುಡುಕಿಯೇ ತಿದ್ದಬೇಕು. ಹಾಗಿದ್ದರೂ ಇಡೀ ಪುಸ್ತಕವನ್ನು ಮರಳಿ ಟೈಪು ಮಾಡಿಸುವುದಕ್ಕಿಂತ ಇದು ಎಷ್ಟೋ ವಾಸಿ. ಹಕ್ಕುಸ್ವಾಮ್ಯವನ್ನು ಮರೆಯಬಾರದು: ಭಾರತದಲ್ಲಿ ಲೇಖಕರು ತೀರಿಕೊಂಡ ನಂತರವೂ 60 ವರ್ಷಗಳವರೆಗೆ ಹಕ್ಕು ಉಳಿದಿರುತ್ತದೆ.

ಕಾದಂಬರಿಗೂ ಕವನ ಸಂಕಲನಕ್ಕೂ ಲಿಬ್ರೆಆಫೀಸಿನ ಪಿಡಿಎಫ್ ಸಾಕು. ಅಂಕಣಗಳೂ ಚಿತ್ರಗಳೂ ತುಂಬಿದ ಪತ್ರಿಕೆಗಾದರೆ ಸ್ಕ್ರೈಬಸ್ ಎಂಬ ಪುಟವಿನ್ಯಾಸದ ತಂತ್ರಾಂಶ ಬೇಕು. ಅದರಲ್ಲಿ ಕನ್ನಡ ಒಡೆಯುತ್ತದೆ ಎಂಬ ಮಾತು 1.4ರ ಸರಣಿಯ ಮಟ್ಟಿಗೆ ನಿಜವಾಗಿತ್ತು. 2024ರ ಜನವರಿಯಲ್ಲಿ ಬಂದ 1.6ರ ಸ್ಥಿರ ಆವೃತ್ತಿಯು ಒತ್ತುಗಳನ್ನು ಸರಿಯಾಗಿ ಕೂಡಿಸುತ್ತದೆ, ಮುದ್ರಣಕ್ಕೆ ಬೇಕಾದ ನಾಲ್ಕು ಬಣ್ಣಗಳ ಪಿಡಿಎಫನ್ನೂ ಕೊಡುತ್ತದೆ. ಮುಖಪುಟದ ರೇಖಾವಿನ್ಯಾಸಕ್ಕೆ ಇಂಕ್‌ಸ್ಕೇಪ್, ಛಾಯಾಚಿತ್ರಗಳನ್ನು ತಿದ್ದಲು ಗಿಂಪ್ ಇದ್ದರೆ ಸಲಕರಣೆಗಳು ಪೂರ್ಣವಾದಂತೆ.

ಪಿಡಿಎಫನ್ನು ಮಾತ್ರ ಮೂಲಪ್ರತಿಯೆಂದು ಕಾಪಿಡಬೇಡಿ. ಅದರಲ್ಲಿ ಫಾಂಟಿನ ಆಕಾರಗಳ ಜೋಡಣೆ ಉಳಿಯುತ್ತದೆಯೇ ಹೊರತು ಪಠ್ಯ ಯಥಾವತ್ತಾಗಿ ಉಳಿಯುತ್ತದೆಂಬ ಭರವಸೆಯಿಲ್ಲ. ಕನ್ನಡ ಪಿಡಿಎಫಿನಿಂದ ನಕಲಿಸಿದ ಸಾಲುಗಳಲ್ಲಿ ಒತ್ತುಗಳು ಸ್ಥಾನ ತಪ್ಪುವುದನ್ನು ಅನೇಕರು ಕಂಡಿರುತ್ತೀರಿ. ಪುಸ್ತಕ ಅಚ್ಚಿಗೆ ಹೋದಾಗ ಲೇಖಕರಿಗೆ ನಾನು ಒಪ್ಪಿಸುವ ಫೋಲ್ಡರಿನಲ್ಲಿ ಪಿಡಿಎಫಿನ ಜೊತೆಗೆ ಲಿಬ್ರೆಆಫೀಸಿನ ಕಡತ, ಬಳಸಿದ ಫಾಂಟುಗಳು ಮತ್ತು ಯೂನಿಕೋಡಿನ ಸರಳ ಪಠ್ಯದ ಒಂದು ಪ್ರತಿ ಇರುತ್ತವೆ. ಸ್ಕ್ರೈಬಸ್‌ನಲ್ಲಿ ಕೊನೆಯ ಗಳಿಗೆಯಲ್ಲಿ ಮಾಡಿದ ತಿದ್ದುಪಡಿಗಳನ್ನೂ ಆ ಪಠ್ಯಕ್ಕೆ ಸೇರಿಸಿದ ಮೇಲೆಯೇ ಅದನ್ನು ಒಪ್ಪಿಸುತ್ತೇನೆ. ಎರಡನೆಯ ಮುದ್ರಣದ ಕೆಲಸ ಶುರುವಾಗುವುದು ಅಲ್ಲಿಂದಲೇ.